ಡಾಕ್ಟರಿಗೆ ನಾನು ಕೊಟ್ಟ ಉತ್ತರ

ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವಳು ನಾನು, ಚನ್ನಬಸವ್ವ. ಯಾರು ಯಾರಿಗೆ ಪ್ರಶ್ನೆ ಕೇಳಿದರೂ ಉತ್ತರ ನನ್ನ ಬಾಯಿಂದಲೇ ಮೊದಲು ಬೀಳಬೇಕು. ಈ ಚಟ ನಿವೃತ್ತಿಯ ದಿನ ಶಾಲು ಹೊದಿಸಿಕೊಂಡು ಮನೆಗೆ ಬಂದಾಗಲೂ ಹೋಗಲಿಲ್ಲ, ಮಗನ ಹತ್ತಿರ ಇರಲು ಕೆನಡಾಕ್ಕೆ ಬಂದಾಗಲೂ ಹೋಗಲಿಲ್ಲ. ಅದರಿಂದ ನನ್ನ ಸೊಸೆ ನೀಲಾಂಬಿಕಾಳ ಜೀವಕ್ಕೆ ಬಂದ ಕುತ್ತನ್ನು ಈಗ ಹೇಳುತ್ತೇನೆ. ಹೇಳಿದರೆ ಹಗುರಾಗುತ್ತದೆಂಬ ಆಸೆಯೇನೂ ಇಲ್ಲ. ಬೇರೆ ಯಾರಾದರೂ ಹೇಳಿದರೆ ನನ್ನ ಪರವಾಗಿ ಒಂದೆರಡು ಮಾತು ಸೇರಿಸಿಬಿಡುತ್ತಾರೆ, ಅದು ಬೇಡ.

ನಾವಿದ್ದದ್ದು ಟೊರಾಂಟೊದ ರೆಕ್ಸ್‌ಡೇಲಿನಲ್ಲಿ, ಏಳನೆಯ ಮಹಡಿಯ ಬಾಡಿಗೆ ಮನೆ. ಮಗ ಬಸವೇಶ ಬೆಳಗಾವಿಯ ಪಾಲಿಟೆಕ್ನಿಕ್ಕಿನಲ್ಲಿ ಲೆಕ್ಚರರ್ ಆಗಿದ್ದವನು. ಇಲ್ಲಿ ಮಿಸಿಸಾಗದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ನೀಲಾಂಬಿಕಾ ಊರಿನಲ್ಲಿ ಸಹಕಾರಿ ಬ್ಯಾಂಕಿನ ಕೌಂಟರ್ ಹಿಂದೆ ಕೂತವಳು. ಇಲ್ಲಿ ಫುಡ್ ಪ್ಯಾಕಿಂಗ್ ಎಂದಿದ್ದಳು. ಫುಡ್ ಪ್ಯಾಕಿಂಗ್ ಎಂದರೆ ನಾನು ಬಿಸ್ಕಿಟ್ ಎಂದುಕೊಂಡೆ. ಯಾಕೆ ಹಾಗೆಂದುಕೊಂಡೆನೋ ಗೊತ್ತಿಲ್ಲ, ಯಾರೂ ಹಾಗೆ ಹೇಳಿರಲಿಲ್ಲ. ಒಂದೂವರೆ ವರ್ಷದಲ್ಲಿ ಒಂದು ಪುಡಿಕೆ ಬಿಸ್ಕಿಟನ್ನೂ ಮನೆಗೆ ತರಲಿಲ್ಲವಲ್ಲ, ಎಂಥ ಜಿಪುಣ ಕಂಪನಿ ಇದು ಎಂದು ಆಗಾಗ ಕೊಸರುತ್ತಿದ್ದೆ. ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಕೆಲಸದಿಂದ ಬಂದವಳು ಅಡುಗೆಮನೆಯ ಹೊಸ್ತಿಲು ತುಳಿಯುವ ಮುಂಚೆ ಸೀದಾ ಬಚ್ಚಲಿಗೆ ಹೋಗುತ್ತಿದ್ದಳು. ತಲೆಯಿಂದ ಕಾಲಿನವರೆಗೆ ಜಳಕ. ಹಾಕಿಕೊಂಡು ಹೋದ ಬಟ್ಟೆ ಬೇರೆ ಚೀಲದಲ್ಲಿ. ನನಗೆ ಅದೆಷ್ಟು ಹೆಮ್ಮೆ. ಫೋನಿನಲ್ಲಿ ಸಿಕ್ಕವರಿಗೆಲ್ಲ ನನ್ನ ಸೊಸೆಯ ಶಿಸ್ತನ್ನು ಹೊಗಳಿದ್ದೇ ಹೊಗಳಿದ್ದು.

ಅವಳು ನನಗೆ ಯಾಕೆ ನಿಜ ಹೇಳಲಿಲ್ಲ ಎಂಬುದಕ್ಕೆ ಒಂದು ಸಂಗತಿ ಸಾಕು. ಎರಡು ಸಾವಿರದ ಹದಿನೇಳರಲ್ಲಿ ನಮ್ಮ ಪರಿಚಯದ ಸತ್ಯಪ್ರಕಾಶ್ ಸ್ಟೌಫ್‌ವಿಲ್ಲಿನಲ್ಲಿ ಹೊಸ ಮನೆ ಮಾಡಿ ಊಟಕ್ಕೆ ಕರೆದಿದ್ದ. ನೀರು ತೆಗೆದುಕೊಳ್ಳಲು ಫ್ರಿಜ್ ತೆರೆದೆ, ಮೊಟ್ಟೆಯ ಟ್ರೇ ಕಂಡಿತು. ಬಡಿಸಿದ ತಟ್ಟೆಯನ್ನು ಹಾಗೇ ಪಕ್ಕಕ್ಕಿಟ್ಟು ಒಂದು ಬಾಳೆಹಣ್ಣು ತಿಂದು ಎದ್ದೆ. ಆ ಮನೆಯ ಹೆಣ್ಣುಮಗಳ ಕಣ್ಣಲ್ಲಿ ನೀರು ಬಂದಿತ್ತು. ಕಾರಿನಲ್ಲಿ ವಾಪಸು ಬರುವಾಗ ನಾನು ಗೆದ್ದೆ ಎಂದುಕೊಂಡಿದ್ದೆ. ಆಗ ನೀಲಾಂಬಿಕಾ ಆ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು.

ಮರುವರ್ಷ ಸೆಪ್ಟೆಂಬರಿನಲ್ಲಿ ಅವಳಿಗೆ ದಿನವೂ ಓವರ್‌ಟೈಮ್ ಬಿತ್ತು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರ ಬಂತು, ಆರ್ಡರ್ ಜಾಸ್ತಿ ಎಂದಳು. ಈ ದೇಶದವರು ಹಬ್ಬಕ್ಕೆ ಇಷ್ಟೊಂದು ಬಿಸ್ಕಿಟ್ ತಿನ್ನುತ್ತಾರಲ್ಲ ಎಂದು ನಾನು ಬೆರಗಾದೆ. ಅದರ ನಡುವೆ ಅವಳಿಗೆ ಹೊಟ್ಟೆ ಕೆಟ್ಟಿತು. ಜ್ವರ, ಹೊಟ್ಟೆಮುರಿತ, ಭೇದಿ. ನಾಲ್ಕು ದಿನ ಹಾಸಿಗೆ ಹಿಡಿದಳು. ನಾನು ಅಂಗಡಿಯ ಮೊಸರನ್ನು ಬೈದೆ, ಓಮದ ನೀರು ಕುದಿಸಿದೆ, ಅಕ್ಕಿಗಂಜಿಗೆ ಮಜ್ಜಿಗೆ ಹಾಕಿ ಕೊಟ್ಟೆ. ಎಲ್ಲ ರೋಗವೂ ಹೊಟ್ಟೆಯಿಂದಲೇ ಶುರುವಾಗುತ್ತದೆ, ಹೊಟ್ಟೆ ನೆಟ್ಟಗಿದ್ದರೆ ಡಾಕ್ಟರು ಬೇಕಿಲ್ಲ ಎಂಬುದು ಶಾಲೆಯ ಮಕ್ಕಳಿಗೂ ನಾನು ಹೇಳುತ್ತಿದ್ದ ಮಾತು. ಐದನೆಯ ದಿನ ಅವಳು ಎದ್ದು ಕೆಲಸಕ್ಕೆ ಹೋದಾಗ ಓಮದ ನೀರಿಗೆ ನಾನೇ ಶಹಬ್ಬಾಸ್ ಎಂದುಕೊಂಡೆ.

ಹತ್ತು ದಿನ ಕಳೆದಿರಬೇಕು. ಒಂದು ಸಂಜೆ ನೀಲಾಂಬಿಕಾ ಪಾದ ತಿಕ್ಕಿಕೊಳ್ಳುತ್ತ ಕೂತಿದ್ದಳು. ಪಾದದೊಳಗೆ ಇರುವೆ ಹರಿದಾಡಿದಂತಾಗುತ್ತಿದೆ, ಮೆಟ್ಟಿಲು ಹತ್ತುವಾಗ ಕಾಲು ಭಾರ ಎಂದಳು. ಮರುದಿನ ಬಸವೇಶ ಶಿಫ್ಟಿನಲ್ಲಿದ್ದ. ನಾನು, ಹನ್ನೊಂದು ವರ್ಷದ ಮೊಮ್ಮಗಳು ತನ್ವಿ, ನೀಲಾಂಬಿಕಾ ಮೂವರೂ ಮೂಲೆಯ ವಾಕ್-ಇನ್ ಕ್ಲಿನಿಕ್ಕಿಗೆ ನಡೆದುಕೊಂಡೇ ಹೋದೆವು. ಸೊಸೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ನನ್ನ ಅಗತ್ಯ ಅಲ್ಲಿ ಏನೂ ಇರಲಿಲ್ಲ. ಆದರೂ ಒಳಗಿನ ಕೋಣೆಯವರೆಗೆ ಹೋಗಿ ಅವಳ ಪಕ್ಕದ ಕುರ್ಚಿಯಲ್ಲಿ ನಾನೇ ಕೂತೆ.

ಡಾಕ್ಟರು ಇನ್ನೂ ಹುಡುಗನಂತಿದ್ದ. ಒಳ್ಳೆಯವನೇ, ಕೇಳಬೇಕಾದದ್ದನ್ನು ಕೇಳಿದ. ಈಚೆಗೆ ಹೊಟ್ಟೆ ಕೆಟ್ಟಿತ್ತೇ ಎಂದ. ನೀಲಾಂಬಿಕಾ ಬಾಯಿ ತೆರೆಯುವ ಮುಂಚೆ, ಬಂದಿತ್ತು, ನಾನು ಓಡಿಸಿದೆ, ಈಗ ಎಲ್ಲ ಆರಾಮ ಅಂತ ಹೇಳು ಎಂದು ತನ್ವಿಯನ್ನು ತಿವಿದೆ. ತನ್ವಿ ಅದರಲ್ಲಿ ಅರ್ಧ ನುಂಗಿ, "ಶಿ ಈಸ್ ಫೈನ್ ನೌ" ಎಂದಳು. ಆಮೇಲೆ ಅವನು ಮಾಂಸ ತಿನ್ನುತ್ತೀರಾ, ಹಸಿ ಕೋಳಿ ಮುಟ್ಟುವ ಕೆಲಸ ಏನಾದರೂ ಇದೆಯೇ ಎಂದ. ಇದಕ್ಕೆ ತನ್ವಿಯ ಸಹಾಯ ನನಗೆ ಬೇಕಾಗಲಿಲ್ಲ. "ನೋ ಮೀಟ್, ನೋ ಎಗ್, ನೋ ಟಚ್" ಎಂದು ಒಂದೊಂದೇ ಬೆರಳು ಮಡಚಿ ಹೇಳಿದೆ.

ನೀಲಾಂಬಿಕಾ ತಲೆಯೆತ್ತಿದ್ದಳು. ಅವಳ ತುಟಿ ತೆರೆದಿತ್ತು. ಅದನ್ನು ನಾನು ನೋಡಿದೆ. ನನ್ನ ಇಂಗ್ಲಿಷಿಗೆ ನಾಚಿಕೊಳ್ಳುತ್ತಿದ್ದಾಳೆ ಎಂದುಕೊಂಡು ಅವಳ ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನಿರಿಸಿದೆ. ಅವಳು ತುಟಿ ಮುಚ್ಚಿಕೊಂಡಳು.

ಶುದ್ಧ ಸಸ್ಯಾಹಾರಿಗಳಿಗೆ ಬಿ-ಟ್ವೆಲ್ವ್ ಕಡಿಮೆಯಾಗಿ ಕಾಲು ಜುಮುಗುಡುವುದುಂಟು ಎಂದ ಡಾಕ್ಟರು. ರಕ್ತ ತೆಗೆಸಿದ, ಒಂದು ಇಂಜೆಕ್ಷನ್ ಕೊಟ್ಟ, ಕಾಲಿನ ಬಲ ಇನ್ನೂ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಎಂದೂ ಹೇಳಿ ಕಳಿಸಿದ. ಮರುದಿನ ಫೋನ್ ಬಂತು. ಬಿ-ಟ್ವೆಲ್ವ್ ನಿಜವಾಗಿಯೂ ಕಡಿಮೆ ಇತ್ತು. ನನಗೆ ಸಮಾಧಾನವಾಯಿತು. ರೋಗಕ್ಕೆ ಹೆಸರು ಸಿಕ್ಕಿತ್ತು, ಅದೂ ನಮ್ಮ ನಡತೆಗೆ ಸರ್ಟಿಫಿಕೇಟ್ ಕೊಟ್ಟಂಥ ಹೆಸರು.

ಆಮೇಲಿನ ನಾಲ್ಕು ದಿನಗಳನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೋ. ಜುಮುಗುಡುವುದು ಪಾದದಿಂದ ಮೀನಖಂಡಕ್ಕೆ ಏರಿತು. ಅವಳು ಗೋಡೆ ಹಿಡಿದು ನಡೆದಳು. ಆಸ್ಪತ್ರೆಗೆ ಹೋಗೋಣವೇ ಎಂದು ಬಸವೇಶ ಕೇಳಿದಾಗ, ಔಷಧ ಹತ್ತಲು ಟೈಮ್ ಬೇಕು, ಇಂಜೆಕ್ಷನ್ ಮೊನ್ನೆ ತಾನೇ ಆಗಿದೆ ಎಂದವಳು ನಾನೇ. ನಾಲ್ಕನೆಯ ದಿನ ರೊಟ್ಟಿ ಬಡಿಯಲು ನಿಂತಳು, ಕೈ ಹಿಟ್ಟಿನ ಮೇಲೆ ಬಿದ್ದಲ್ಲೇ ಬಿದ್ದಿತ್ತು. ಅಂಗೈ ಎತ್ತಲು ಆಗುತ್ತಿಲ್ಲ ಎಂದು ನಗಲು ನೋಡಿದಳು. ಐದನೆಯ ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಎರಡೂ ಮೊಣಕಾಲು ಮಡಚಿ ಕುಸಿದಳು.

"ಅತ್ತೀ, ಕಾಲು ನನ್ನೂ ಅಲ್ಲ ಅನಸಾಕತ್ತಾವ್ರಿ" ಎಂದಳು. ಅಳುತ್ತಿರಲಿಲ್ಲ. ಅವಳ ಮುಖದಲ್ಲಿ ಅಳುವಿಗಿಂತ ದೊಡ್ಡ ಹೆದರಿಕೆ ಇತ್ತು. ಬಸವೇಶ ಆಂಬುಲೆನ್ಸಿಗೆ ಫೋನ್ ಮಾಡಿದ.

ಆಸ್ಪತ್ರೆಯಲ್ಲಿ ನರದ ಡಾಕ್ಟರು ಒಬ್ಬ ಎತ್ತರದ ಹೆಂಗಸು. ರಬ್ಬರಿನ ಪುಟ್ಟ ಸುತ್ತಿಗೆಯಿಂದ ಮೊಣಕಾಲಿಗೆ ಬಡಿದಳು, ಕಾಲು ಜಿಗಿಯಲಿಲ್ಲ. ಹಿಮ್ಮಡಿಗೆ ಬಡಿದಳು, ಅಲ್ಲೂ ಇಲ್ಲ. ಮತ್ತೆ ಅದೇ ಪ್ರಶ್ನೆ: ಭೇದಿ ಆಗಿತ್ತೇ, ಕೋಳಿ ಗೀಳಿ? ಭೇದಿ ಆಗಿತ್ತು ಎಂದ ಬಸವೇಶ. ಕೋಳಿಯ ಮಾತಿಗೆ ನಾನು ಬಾಯಿಪಾಠ ಒಪ್ಪಿಸುವವಳಂತೆ "ನೋ ಟಚ್" ಎಂದೆ. ಮಗ ನೆಲ ನೋಡುತ್ತ ನಿಂತಿದ್ದ.

ಬೆನ್ನಿನ ಸ್ಕ್ಯಾನಿಗೆ ಒಯ್ಯಬೇಕು, ಮೈಮೇಲೆ ಲೋಹ ಏನಿದ್ದರೂ ತೆಗೆಯಬೇಕು ಎಂದಳು ನರ್ಸು. ನಾನು ಮುಂದೆ ಬಂದೆ. ಅವಳ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇದೆ, ಅದರೊಳಗೆ ನಮ್ಮ ಲಿಂಗ, ಅದು ನೆಲ ಮುಟ್ಟಬಾರದು, ನನ್ನ ಕೈಗೇ ಕೊಡಿ ಎಂದು ಬಸವೇಶನಿಗೆ ಹೇಳಲು ಹೇಳಿ ಸೆರಗು ಒಡ್ಡಿ ನಿಂತೆ. ನರ್ಸು ಅಂಗಿಯ ಗುಂಡಿ ಬಿಚ್ಚಿದಳು. ಕೊರಳಲ್ಲಿ ಕರಡಿಗೆಯೂ ಇರಲಿಲ್ಲ, ಅದನ್ನು ಕಟ್ಟುವ ಶಿವದಾರವೂ ಇರಲಿಲ್ಲ. ನೀಲಾಂಬಿಕಾ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಕಣ್ಣೀರು ಹರಿದು ಕಿವಿಯೊಳಗೆ ಇಳಿಯಿತು, ಒರೆಸಿಕೊಳ್ಳಲು ಅವಳ ಕೈ ಏಳಲಿಲ್ಲ. ನಾನು ಸೆರಗು ಒಡ್ಡಿದಂತೆಯೇ ನಿಂತಿದ್ದೆ.

ಹೊರಗಿನ ಕಾರಿಡಾರಿನಲ್ಲಿ ಮಗನನ್ನು ಹಿಡಿದು ನಿಲ್ಲಿಸಿ ಲಿಂಗ ಎಲ್ಲಿ ಎಂದು ಕೇಳಿದೆ.

"ಅವ್ವಾ, ಆಕಿ ಕೋಳಿ ಕಾರ್ಖಾನಿಯೊಳಗ ಕೆಲಸಾ ಮಾಡ್ತಾಳ. ಎಲಬು ಬಿಡಸೂ ಲೈನಿನ್ಯಾಗ. ಅಲ್ಲಿ ಕೊಳ್ಳಾಗ ಕೈಯಾಗ ಏನೂ ಹಾಕ್ಕೊಂಡು ಹೋಗೂಹಂಗಿಲ್ಲ, ರೂಲ್ ಐತಿ. ದಿನಾ ಹೋಗೂಮುಂದ ಲಿಂಗಾ ತಗದು ತನ್ವಿ ಹಳೇ ಕಂಪಾಸ್ ಪೆಟಗಿಯೊಳಗ ಇಟ್ಟು ಹೋಗ್ತಾಳ. ಬಂದು ಜಳಕಾ ಮಾಡಿ ಕಟ್ಕೋತಾಳ. ನಿನ್ನಿ ಜಳಕಕ್ಕ ತಗದಿದ್ಲು, ಬೆರಳು ಆಡಲಿಲ್ಲ ನೋಡು, ಕಟ್ಕೊಳ್ಳಾಕ ಆಗಿಲ್ಲ."

ಎಷ್ಟು ದಿನದಿಂದ ಎಂದೆ. ಒಂದೂವರೆ ವರ್ಷ ಎಂದ. ತನ್ವಿಗೆ ಗೊತ್ತಿತ್ತೇ ಎಂದೆ. ಗೊತ್ತಿತ್ತಂತೆ. ಸತ್ಯಪ್ರಕಾಶನ ಮನೆಯವರಿಗೂ ಗೊತ್ತಿತ್ತಂತೆ. ನನ್ನ ಮನೆಯ ಸುದ್ದಿ, ನನ್ನೊಬ್ಬಳನ್ನು ಬಿಟ್ಟು ಟೊರಾಂಟೊದ ಎಲ್ಲ ಕನ್ನಡದವರಿಗೂ ಗೊತ್ತಿತ್ತು.

ಮೊದಲು ಬಂದದ್ದು ಸಿಟ್ಟು. ಸುಳ್ಳು ಹೇಳಲಾರೆ. ಸೊಸೆ ಒಳಗೆ ಕೈಕಾಲು ಆಡದೆ ಮಲಗಿದ್ದಾಗ ನಾನು ಅವಳು ಬಡಿದ ರೊಟ್ಟಿಗಳನ್ನು ನೆನೆಸಿಕೊಂಡೆ, ಆ ಕೈಯಿಂದ ನಾನು ಉಂಡದ್ದನ್ನು ನೆನೆಸಿಕೊಂಡೆ. ಪ್ರತಿ ಬಸವ ಜಯಂತಿಗೆ ವೇದಿಕೆ ಹತ್ತಿ, ಯಾವ ಕಾಯಕವೂ ಕೀಳಲ್ಲ ಎಂದು ಮಕ್ಕಳ ಮುಂದೆ ಮುಕ್ಕಾಲು ಗಂಟೆ ಮಾತಾಡಿದವಳು ಇದೇ ನಾನು. ಒಂದು ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತು ಆ ಸಿಟ್ಟು ಇತ್ತು. ಆಮೇಲೆ ಒಂದು ಯೋಚನೆ ಬಂತು. ಇಬ್ಬರು ಡಾಕ್ಟರು, ಎರಡು ಕಡೆ, ಒಂದೇ ಪ್ರಶ್ನೆ ಕೇಳಿದ್ದರು. ಕೋಳಿಗೂ ಕಾಲಿಗೂ ಏನೋ ಸಂಬಂಧ ಇರಲೇಬೇಕು. ಇದ್ದರೆ ನಾನು ಎರಡು ಸಲವೂ ತಪ್ಪು ಉತ್ತರ ಕೊಟ್ಟಿದ್ದೆ.

ಡಾಕ್ಟರಿಗೆ ನಾನು ಹೇಳುತ್ತೇನೆ ಎಂದ ಬಸವೇಶ. ಬೇಡ ಎಂದೆ. ಉತ್ತರ ಕೊಟ್ಟವಳೇ ತಿದ್ದಬೇಕು. ಡಾಕ್ಟರು ಕಂಪ್ಯೂಟರಿನ ಮುಂದೆ ಬರೆಯುತ್ತ ನಿಂತಿದ್ದಳು. ಹತ್ತಿರ ಹೋಗಿ ಅವಳ ಬಿಳಿಯ ಕೋಟಿನ ತೋಳು ಮುಟ್ಟಿದೆ.

"ಐ ಟೋಲ್ಡ್ ರಾಂಗ್," ಎಂದೆ. "ಶಿ ವರ್ಕ್ ಚಿಕನ್. ಎವ್ರಿ ಡೇ ಚಿಕನ್. ಐ ಡೋಂಟ್ ನೋ. ಐ ಟೋಲ್ಡ್ ರಾಂಗ್."

ಅವಳು ಬರೆಯುವುದನ್ನು ಬಿಟ್ಟು ಒಂದು ಕುರ್ಚಿ ಎಳೆದು ನನ್ನನ್ನು ಕೂರಿಸಿದಳು, ತಾನೂ ಕೂತಳು. ಹೊಟ್ಟೆ ಕೆಟ್ಟದ್ದು ಯಾವಾಗ, ಎಷ್ಟು ದಿನ ಎಂದು ಕೇಳಿ ಬರೆದುಕೊಂಡಳು. ಆಮೇಲೆ ಬಸವೇಶನಿಗೆ ವಿವರಿಸಿದಳು, ಅವನು ನನಗೆ ಕನ್ನಡದಲ್ಲಿ ಹೇಳಿದ. ರೋಗದ ಹೆಸರು ಗಿಯಾನ್-ಬಾರೆ. ಹಸಿ ಕೋಳಿಯಲ್ಲಿ ಇರುವ ಒಂದು ಜಾತಿಯ ಕ್ರಿಮಿ ಬಾಯಿಂದ ಹೊಟ್ಟೆಗೆ ಹೋಗಿ ಭೇದಿ ತರುತ್ತದೆ. ಮೈ ಅದರ ಮೇಲೆ ಸೈನ್ಯ ಕಳಿಸಿ ಗೆಲ್ಲುತ್ತದೆ. ಆದರೆ ಆ ಕ್ರಿಮಿಯ ಮೇಲ್ಮೈಗೂ ನಮ್ಮ ನರಗಳ ಮೇಲ್ಮೈಗೂ ಹೋಲಿಕೆ ಇದೆಯಂತೆ. ಕ್ರಿಮಿ ಸತ್ತ ಮೇಲೂ ಕೆಲವರಲ್ಲಿ ಸೈನ್ಯ ನಿಲ್ಲುವುದಿಲ್ಲ, ತನ್ನದೇ ನರಗಳ ಮೇಲೆ ಬೀಳುತ್ತದೆ. ಸಾವಿರ ಜನಕ್ಕೆ ಭೇದಿಯಾದರೆ ಒಬ್ಬರಿಗೆ ಹೀಗಾಗುವುದು, ಯಾಕೆ ಆ ಒಬ್ಬರಿಗೇ ಎಂದು ಪೂರ್ತಿ ಯಾರಿಗೂ ತಿಳಿದಿಲ್ಲ.

ನನಗೆ ಅದು ಚೆನ್ನಾಗಿ ಅರ್ಥವಾಯಿತು. ನನ್ನ ತರಗತಿಯಲ್ಲಿ ಅವಳಿ ಅಕ್ಕತಂಗಿಯರಿದ್ದರು. ಒಬ್ಬಳು ಮಸಿ ಚೆಲ್ಲಿದ್ದಕ್ಕೆ ಇನ್ನೊಬ್ಬಳ ಅಂಗೈಗೆ ಬೆತ್ತದಿಂದ ಬಾರಿಸಿದ್ದೆ. ಅವಳು ತಾನಲ್ಲ ಎಂದು ಹೇಳುತ್ತಲೇ ಇದ್ದಳು, ನಾನು ಬಾರಿಸುತ್ತಲೇ ಇದ್ದೆ. ಎಲ್ಲವೂ ಹೊಟ್ಟೆಯಿಂದ ಶುರು ಎಂದು ಜೀವನವಿಡೀ ಹೇಳಿದ ನನ್ನ ಮಾತು ಒಂದು ಸಲ ಪೂರಾ ನಿಜವಾಗಿತ್ತು, ನಿಜವಾದದ್ದು ಹೀಗೆ.

ಬಸವೇಶ ಯಾವುದೋ ಕಾಗದಕ್ಕೆ ಸಹಿ ಹಾಕಲು ಹೋದಾಗ ನಾನು ಡಾಕ್ಟರನ್ನು ಮತ್ತೆ ಹಿಡಿದೆ. ಕ್ಲಿನಿಕ್ಕಿನಲ್ಲೂ ನಾನು ಹೀಗೇ ಹೇಳಿದ್ದೆ, ನಾಲ್ಕು ದಿನ ಮೊದಲು ತಿಳಿದಿದ್ದರೆ ಒಳ್ಳೆಯದಾಗುತ್ತಿತ್ತೇ ಎಂದು ಮುರುಕು ಇಂಗ್ಲಿಷಿನಲ್ಲಿ ಕೇಳಿದೆ. ಈ ರೋಗವನ್ನು ಮೊದಲ ದಿನವೇ ಹಿಡಿಯುವುದು ಬಹಳ ಕಷ್ಟ, ಎಷ್ಟು ಬೇಗ ಔಷಧ ಶುರುವಾದರೆ ಅಷ್ಟು ಒಳ್ಳೆಯದು ಎಂಬುದೂ ನಿಜ ಎಂದಳು. ಆಗುತ್ತಿತ್ತೇ ಎಂದು ಇನ್ನೊಮ್ಮೆ ಕೇಳಿದೆ. "ಮೇ ಬಿ" ಎಂದು ನನ್ನ ಕೈ ಹಿಡಿದಳು. ಸುಳ್ಳು ಹೇಳಿ ಸಮಾಧಾನ ಮಾಡಲಿಲ್ಲ, ಅದಕ್ಕೆ ಅವಳನ್ನು ಈಗಲೂ ನೆನೆಯುತ್ತೇನೆ. ಆದರೆ ಕ್ಲಿನಿಕ್ಕಿನ ಆ ಮಾತನ್ನು ಮಗನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಲ್ಲಿಯ ಡಾಕ್ಟರು ಏನನ್ನೂ ಕೇಳದೆ ಇಂಜೆಕ್ಷನ್ ಚುಚ್ಚಿ ಕಳಿಸಿದ ಎಂದೇ ಅವನು ತಿಳಿದಿದ್ದ. ನಾನು ಹಾಗೇ ಬಿಟ್ಟೆ.

ಆ ಮಧ್ಯಾಹ್ನವೇ ಔಷಧ ಶುರುವಾಯಿತು. ಸಾವಿರಾರು ಜನ ದಾನ ಕೊಟ್ಟ ರಕ್ತದಿಂದ ಸೋಸಿ ತೆಗೆದದ್ದಂತೆ, ಐದು ದಿನ ಹನಿಹನಿಯಾಗಿ ಇಳಿಸಬೇಕು. ನಾನು ಆ ಬಾಟಲಿಯನ್ನು ನೋಡುತ್ತ ಕೂತಿದ್ದೆ. ಹಂದಿ, ದನ, ಕೋಳಿ ತಿಂದವರ ರಕ್ತ ನನ್ನ ಸೊಸೆಯ ಮೈಗೆ ಇಳಿಯುತ್ತಿತ್ತು. ಅವರು ಏನು ಉಂಡಿದ್ದರು ಎಂದು ನಾನು ಯಾರನ್ನೂ ಕೇಳಲಿಲ್ಲ. ಅವರೆಲ್ಲ ಚೆನ್ನಾಗಿರಲಿ ಎಂದುಕೊಂಡೆ.

ಆದರೆ ರೋಗ ಇನ್ನೂ ಏರುತ್ತಿತ್ತು. ಎದೆಯವರೆಗೆ ಬಂದರೆ ಉಸಿರು ನಿಲ್ಲುತ್ತದೆ, ಆಗ ಗಂಟಲಿಗೆ ನಳಿಕೆ ಹಾಕಬೇಕಾಗುತ್ತದೆ ಎಂದಿದ್ದರು. ಅದನ್ನು ನೋಡಿಕೊಳ್ಳಲು ಒಬ್ಬ ಫಿಲಿಪಿನೊ ನರ್ಸು ಎರಡು ತಾಸಿಗೊಮ್ಮೆ ಬಂದು, ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಅಷ್ಟು ಅಂಕಿ ಹೇಳು ಎನ್ನುತ್ತಿದ್ದ. ಇಂಗ್ಲಿಷಿನಲ್ಲಿ ತಡವರಿಸಿದಾಗ ನಿನ್ನ ಭಾಷೆಯಲ್ಲೇ ಹೇಳು ಎಂದ. ಒಂದು, ಎರಡು, ಮೂರು ಎಂದು ನೀಲಾಂಬಿಕಾ ಶುರುಮಾಡಿದಳು. ಮೊದಲ ಸಲ ಇಪ್ಪತ್ತೊಂದಕ್ಕೆ ನಿಂತಳು. ಸಂಜೆ ಹದಿನೇಳು. ಮರುದಿನ ಬೆಳಿಗ್ಗೆ ಹದಿನಾಲ್ಕು. ಮಕ್ಕಳಿಗೆ ನೂರರವರೆಗೆ ಅಂಕಿ ಹೇಳಿಸಿದ ನನಗೆ ಹದಿನೈದು ಎಂಬುದು ಅಷ್ಟು ದೂರದ ಊರೆಂದು ಗೊತ್ತಿರಲಿಲ್ಲ. ಅವಳ ತುಟಿಯ ಜೊತೆ ನನ್ನ ತುಟಿಯೂ ಆಡುತ್ತಿತ್ತು, ಅವಳ ಉಸಿರು ಮುಗಿದಾಗ ನನ್ನದೂ ಮುಗಿಯುತ್ತಿತ್ತು. ಹನ್ನೆರಡಕ್ಕೆ ಬಂದಳು, ಮತ್ತೆ ಹನ್ನೆರಡು. ಮೂರನೆಯ ಸಲವೂ ಹನ್ನೆರಡು. ನರ್ಸು ಹೊರಗೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದ, ನಳಿಕೆಯ ಸಾಮಾನು ಮಂಚದ ಪಕ್ಕಕ್ಕೆ ತಂದಿಟ್ಟರು. ಇಡೀ ಒಂದು ಹಗಲು ಆ ಗಾಡಿ ಅಲ್ಲೇ ನಿಂತಿತ್ತು. ನಾಲ್ಕನೆಯ ದಿನ ಹದಿಮೂರು ಎಂದಳು. ಐದನೆಯ ದಿನ ಹದಿನಾರು. ಗಾಡಿ ತಳ್ಳಿಕೊಂಡು ಹೋದರು. ನಾನು ಆಸ್ಪತ್ರೆಯ ಪಾಯಿಖಾನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಜೀವ ಉಳಿಯಿತು. ಆದರೆ ನೀಲಾಂಬಿಕಾ ನನ್ನನ್ನು ಮುಟ್ಟಗೊಡಲಿಲ್ಲ.

ಗಂಜಿ ತಿನ್ನಿಸಲು ಚಮಚ ಎತ್ತಿದ ಮೊದಲ ದಿನವೇ ಅವಳು ಮುಖ ಹಿಂದಕ್ಕೆ ಎಳೆದುಕೊಂಡಳು. "ಅತ್ತೀ, ಮುಟ್ಟಬ್ಯಾಡ್ರಿ. ನಿಮಗ ಮತ್ತ ಜಳಕಾ ಮಾಡಬೇಕಾಕ್ಕೈತಿ" ಎಂದಳು. ಚುಚ್ಚಿ ಹೇಳಿದ್ದಲ್ಲ. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ್ದು, ಅದಕ್ಕೇ ಹೆಚ್ಚು ತಾಗಿತು. ಬಸವೇಶ ತಿನ್ನಿಸಿದರೆ ತಿನ್ನುತ್ತಿದ್ದಳು. ತನ್ವಿ ಬಾಯಿ ಒರೆಸಿದರೆ ಒರೆಸಿಕೊಳ್ಳುತ್ತಿದ್ದಳು. ನರ್ಸುಗಳು ಮಗ್ಗುಲು ತಿರುಗಿಸುತ್ತಿದ್ದರು. ನಾನು ಕೈ ಚಾಚಿದರೆ ಅವಳ ಕಣ್ಣಲ್ಲಿ ಗಾಬರಿ ಕಾಣುತ್ತಿತ್ತು. ಮನೆಯಿಂದ ಆ ಕಂಪಾಸ್ ಪೆಟ್ಟಿಗೆ ತಂದು ಲಿಂಗವನ್ನು ಅವಳ ಮುಂದೆ ಹಿಡಿದೆ. ಕಣ್ಣು ಮುಚ್ಚಿಕೊಂಡು, ಅದು ನಿಮ್ಮ ಹತ್ತಿರವೇ ಇರಲಿ ಎಂದಳು. ನನ್ನ ಕೊರಳಲ್ಲಿ ಈಗ ಎರಡು ಲಿಂಗಗಳಿದ್ದವು.

ನಾನು ಏನೂ ಅನ್ನುವುದಿಲ್ಲ, ಸಿಟ್ಟಿಲ್ಲ ಎಂದು ಎಷ್ಟೋ ಸಲ ಹೇಳಿದೆ. ಅವಳು ಹೂಂ ಎನ್ನುತ್ತಿದ್ದಳು, ನಂಬುತ್ತಿರಲಿಲ್ಲ. ಸ್ಟೌಫ್‌ವಿಲ್ಲಿನ ಊಟದ ತಟ್ಟೆಯನ್ನು ನೋಡಿದವಳು ಹೇಗೆ ನಂಬಬೇಕು? ಅವಳ ಮಟ್ಟಿಗೆ ತಪ್ಪೆಲ್ಲ ಅವಳದೇ. ಕೈಗವಸು ಹರಿದದ್ದು ಗೊತ್ತಿದ್ದೂ ಊಟದ ಬಿಡುವು ಸಣ್ಣದೆಂದು ಅರ್ಧಂಬರ್ಧ ತೊಳೆದ ಕೈಯಿಂದ ರೊಟ್ಟಿ ತಿಂದೆ ಎಂದು ಬಸವೇಶನ ಹತ್ತಿರ ಹೇಳಿಕೊಂಡಿದ್ದಳಂತೆ. ಮಾಡಿದ್ದನ್ನು ಉಣ್ಣುತ್ತಿದ್ದೇನೆ ಎಂದಳಂತೆ.

ನವೆಂಬರಿನಲ್ಲಿ ಅವಳನ್ನು ಪುನಶ್ಚೇತನ ಕೇಂದ್ರಕ್ಕೆ ಸಾಗಿಸಿದರು. ಮಂಚದ ಅಂಚಿಗೆ ಕೂರಿಸಿದರೆ ಹಿಂದೆ ದಿಂಬು ಇಟ್ಟು ಕೂರುತ್ತಿದ್ದಳು. ಕತ್ತು ಮಾತ್ರ ಬೇಗ ಸೋಲುತ್ತಿತ್ತು, ತಲೆ ಒಂದು ಕಡೆ ವಾಲುತ್ತಿತ್ತು. ಬೆರಳುಗಳು ಅರ್ಧ ಮಡಚುತ್ತಿದ್ದವು, ಚಮಚ ನಿಲ್ಲುತ್ತಿರಲಿಲ್ಲ. ವರ್ಷವಾಗಬಹುದು, ಹೆಚ್ಚೂ ಆಗಬಹುದು, ಬಹಳಷ್ಟು ವಾಪಸು ಬರುತ್ತದೆ ಎಂದಿದ್ದರು. ಸೊಂಟದವರೆಗಿನ ಅವಳ ಕೂದಲು ಒಂದೂವರೆ ತಿಂಗಳು ದಿಂಬಿಗೆ ತಿಕ್ಕಿ ಗಂಟುಗಟ್ಟಿತ್ತು. ಕೆಲಸದವರಿಗೆ ಅಷ್ಟು ಉದ್ದದ ಕೂದಲು ಬಿಡಿಸಲು ಪುರಸೊತ್ತಿಲ್ಲ. ಗುರುವಾರ ಗಿಡ್ಡ ಕತ್ತರಿಸೋಣವೇ ಎಂದು ಕೇಳಿದ್ದರು. ಅವಳು ಆಗಲಿ ಎಂದಿದ್ದಳು.

ಬುಧವಾರ ಮಧ್ಯಾಹ್ನ ನಾವೆಲ್ಲ ಅಲ್ಲಿದ್ದೆವು. ಹೊರಗೆ ಆ ವರ್ಷದ ಮೊದಲ ಹಿಮ. ಬಸವೇಶ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕ್ಲಿನಿಕ್ಕಿನ ಆ ಡಾಕ್ಟರ ಮೇಲೆ ದೂರು ಬರೆಯುತ್ತಿದ್ದ. ಒಂದು ಮುಖ್ಯ ಪ್ರಶ್ನೆ ಕೇಳಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು, ಅವನನ್ನು ಬಿಡುವುದಿಲ್ಲ ಎಂದ. ಬರೆಯುತ್ತ ಹೆಂಡತಿಯ ಕಡೆ ತಿರುಗಿ, ಅವನು ಕೋಳಿಯ ಬಗ್ಗೆ ಏನನ್ನೂ ಕೇಳಲೇ ಇಲ್ಲ ತಾನೇ ಎಂದು ಕೇಳಿದ.

ನೀಲಾಂಬಿಕಾ ನನ್ನ ಕಡೆ ಒಂದು ಗಳಿಗೆ ನೋಡಿದಳು.

"ಕೇಳಿದ್ರು," ಎಂದಳು. "ನಾನ ಹೇಳಿದ್ನಿ, ಮುಟ್ಟೂದಿಲ್ಲ ಅಂತ. ಅವರದೇನೂ ತಪ್ಪಿಲ್ಲ. ನಂದ ತಪ್ಪು."

ಕಿಟಕಿಯ ಹತ್ತಿರ ಓದುತ್ತಿದ್ದ ತನ್ವಿ ತಲೆಯೆತ್ತಿದಳು. ಅವಳೂ ಆ ಕೋಣೆಯಲ್ಲಿದ್ದವಳು, ಅವಳಿಗೆ ಎಲ್ಲ ಗೊತ್ತು. ಬಾಯಿ ತೆರೆದಳು. ತಾಯಿ ಅವಳ ಕಡೆ ನೋಡಿ ಬೇಡ ಎಂಬಂತೆ ಕಣ್ಣು ಮುಚ್ಚಿ ತೆರೆದಳು. ಮಗು ನನ್ನನ್ನು ನೋಡಿತು, ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿತು.

ಮಗನ ಕಣ್ಣಲ್ಲಿ ಕೆಳಗಿಳಿಯುವುದು ಎಂದರೆ ನನಗೆ ಸಾವಿನಷ್ಟು ಭಯ. ಅವನು ಇನ್ನು ಜನ್ಮದಲ್ಲಿ ಅವ್ವಾ ಎನ್ನದಿದ್ದರೆ ಏನು ಗತಿ ಎಂಬ ಭಯದಲ್ಲೇ ಆರು ವಾರ ಕಳೆದಿದ್ದೆ. ಆದರೆ ಕೈ ಆಡದ ಒಬ್ಬ ಹೆಂಗಸು ನನಗೋಸ್ಕರ ತನ್ನ ಮಗಳಿಗೆ ಸುಳ್ಳು ಕಲಿಸುವುದನ್ನು ನೋಡುತ್ತ ಕೂರಲು ನನ್ನಿಂದಾಗಲಿಲ್ಲ.

"ಅದನ್ನ ಅಳಸು," ಎಂದೆ ಮಗನಿಗೆ. "ಆಕಿ ಒಂದ ಮಾತೂ ಆಡಿಲ್ಲ. ಡಾಕ್ಟರು ಕೇಳಿದ್ದು ಆಕೀನ್ನ, ಹೇಳಿದಾಕಿ ನಾನು. ಆಕಿ ಬಾಯಿ ತಗದಿದ್ಲು, ನಾ ಕಂಡೀನಿ. ನಾನ ಸುಮ್ನ ಇರಿಸಿದ್ನಿ."

ಬಸವೇಶ ನನ್ನನ್ನು ನೋಡಿದ. ಅವ್ವಾ ಎಂದ. ಲ್ಯಾಪ್‌ಟಾಪ್ ಮುಚ್ಚಿ ಮಂಚದ ಮೇಲಿಟ್ಟು ಕೋಣೆಯಿಂದ ಹೊರಗೆ ಹೋದ. ತನ್ವಿ ಅವನ ಹಿಂದೆ ಓಡಿದಳು.

ನಾವಿಬ್ಬರೇ ಉಳಿದೆವು. ಯಾಕೆ ಹೇಳಿದಿರಿ, ನಾನು ಹೊತ್ತುಕೊಳ್ಳುತ್ತಿದ್ದೆನಲ್ಲ ಎಂದಳು ನೀಲಾಂಬಿಕಾ. ನನಗೆ ರೇಗಿತು. ಅಳು ಬರುವಾಗಲೂ ನನಗೆ ಮೊದಲು ರೇಗುವುದೇ.

"ಒಂದು ಚಮಚಾ ಎತ್ತಾಕ ಆಗವಲ್ದು ನಿನಗ," ಎಂದೆ. "ನಂದೇನ ಹೊರತಿ?"

ಅವಳು ನಕ್ಕಳು. ಮುಖದ ಒಂದು ಬದಿ ಇನ್ನೂ ಪೂರ್ತಿ ಏಳುತ್ತಿರಲಿಲ್ಲ, ಅರ್ಧ ಬಾಯಿಯಲ್ಲೇ ನಕ್ಕಳು. ಬೀಳುವ ಮುಂಚಿನ ದಿನ ಹಿಟ್ಟಿನ ಮುಂದೆ ನಗಲು ನೋಡಿದ್ದಳಲ್ಲ, ಅದಾದ ಮೇಲೆ ಇದೇ ಮೊದಲು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಇಳಿಯಿತು. ನಾನು ಸೆರಗಿನ ತುದಿ ಹಿಡಿದುಕೊಂಡೇ ಕೂತಿದ್ದೆ, ಒರೆಸಲು ಧೈರ್ಯ ಬರಲಿಲ್ಲ. ಅವಳು ಅದನ್ನು ನೋಡಿದಳು.

"ಅತ್ತೀ," ಎಂದಳು, "ನನ್ನ ತೆಲಿ ಒಂದೀಟ ಹಿಕ್ಕ್ರಿ. ನಾಳೆ ಕತ್ತರಸ್ತಾರ."

ನನ್ನ ಚೀಲದಲ್ಲಿ ಬಾಚಣಿಗೆ ಇತ್ತು, ಎಣ್ಣೆ ಇರಲಿಲ್ಲ. ನೀರು ಚಿಮುಕಿಸಿ ಹೇಗೋ ಬಿಡಿಸೋಣ ಎಂದು ಅವಳನ್ನು ಅಂಚಿಗೆ ಕೂರಿಸಿ ಹಿಂದೆ ನಿಂತೆ. ಬಾಚಣಿಗೆ ತಾಗಿದೊಡನೆ ಅವಳ ತಲೆ ವಾಲಿತು. ಒಂದು ಕೈಯಿಂದ ತಲೆ ಹಿಡಿದರೆ ಇನ್ನೊಂದರಿಂದ ಸಿಕ್ಕು ಬಿಡಿಸಲಾಗುತ್ತಿರಲಿಲ್ಲ. ನರ್ಸನ್ನು ಕರೆಯಲೇ ಎಂದುಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಬಸವೇಶ ನಿಂತಿದ್ದ. ಕಣ್ಣು ಕೆಂಪಾಗಿತ್ತು. ಅವನು ನನ್ನ ಮುಖ ನೋಡಲಿಲ್ಲ. ಒಳಗೆ ಬಂದು ಹೆಂಡತಿಯ ಎದುರು ನಿಂತು ಅವಳ ತಲೆಯನ್ನು ಎರಡೂ ಅಂಗೈಯಲ್ಲಿ ನೆಟ್ಟಗೆ ಹಿಡಿದ. ನಾನು ಕೂದಲ ಕೆಳಗಿನ ತುದಿಯಿಂದ ಬಿಡಿಸುತ್ತ ಬಂದೆ.